ವಾಯವ್ಯ ಮೂಲೆಯಿಂದ ನೈಋತ್ಯ ಮೂಲೆಗೆ

ಎರಡು ಗೋದಾಮು, ಎರಡು ಅಂಗಡಿ. ದಾವಣಗೆರೆಯ ಗೋದಾಮಿನಲ್ಲಿ 10 ಮೂಟೆ ಅಕ್ಕಿ, ಹಾವೇರಿಯ ಗೋದಾಮಿನಲ್ಲಿ 10 ಮೂಟೆ. ಹಾವೇರಿಯ ಅಂಗಡಿಗೆ 10 ಮೂಟೆ ಬೇಕು, ದಾವಣಗೆರೆಯ ಅಂಗಡಿಗೂ 10. ಊರೊಳಗೇ ಸಾಗಿಸಿದರೆ ಮೂಟೆಗೆ 1 ರೂಪಾಯಿ, ಊರು ದಾಟಿಸಿದರೆ 9 ರೂಪಾಯಿ. ಹೇಗೆ ಹಂಚುತ್ತೀರಿ?

ಲಾರಿ ಕ್ಲೀನರನ್ನು ಕೇಳಿದರೂ ಸರಿಯಾಗಿ ಹೇಳುತ್ತಾನೆ. ತಪ್ಪುವವನು ಪರೀಕ್ಷೆಗೆ ಚೆನ್ನಾಗಿ ಓದಿಕೊಂಡು ಹೋದ ಸಂಖ್ಯಾಶಾಸ್ತ್ರದ ವಿದ್ಯಾರ್ಥಿ. ಅವನು ಗೋದಾಮುಗಳನ್ನು ಅಡ್ಡ ಸಾಲಿನಲ್ಲಿ, ಅಂಗಡಿಗಳನ್ನು ಕಂಬ ಸಾಲಿನಲ್ಲಿ ಬರೆದು ಚೌಕ ಹಾಕುತ್ತಾನೆ. ಎಡ ಮೇಲ್ತುದಿಯ ಮನೆಯಲ್ಲಿ ಎಷ್ಟು ಹಿಡಿಸುತ್ತದೋ ಅಷ್ಟನ್ನೂ ತುಂಬುತ್ತಾನೆ. ಅಲ್ಲಿಂದ ಬಲಕ್ಕೆ, ಕೆಳಕ್ಕೆ. ಇದಕ್ಕೆ ‘ನಾರ್ತ್ ವೆಸ್ಟ್ ಕಾರ್ನರ್ ರೂಲ್’ ಎಂದು ಹೆಸರು, ನಮ್ಮ ಮಾತಿನಲ್ಲಿ ವಾಯವ್ಯ ಮೂಲೆ ನಿಯಮ. ನಿಯಮದ ಪ್ರಕಾರ ದಾವಣಗೆರೆಯ ಅಕ್ಕಿ ಹಾವೇರಿಗೆ ಹೋಗುತ್ತದೆ, ಹಾವೇರಿಯ ಅಕ್ಕಿ ದಾವಣಗೆರೆಗೆ ಬರುತ್ತದೆ. ನಡುದಾರಿಯಲ್ಲಿ ಎರಡೂ ಲಾರಿಗಳು ಒಂದಕ್ಕೊಂದು ಹಾರ್ನ್ ಹೊಡೆದುಕೊಂಡು ಮುಂದೆ ಹೋಗುತ್ತವೆ. ಖರ್ಚು 180 ರೂಪಾಯಿ. ಕ್ಲೀನರ್ ಲೆಕ್ಕದಲ್ಲಾದರೆ 20.

ನಾನು ಈ ನಿಯಮವನ್ನು ಡಿಗ್ರಿಯಲ್ಲಿ ಕಲಿತೆ. ಈಗಿನ ಮಕ್ಕಳಿಗೆ ದ್ವಿತೀಯ ಪಿಯುಸಿಯ ಸಂಖ್ಯಾಶಾಸ್ತ್ರದಲ್ಲೇ ‘ಆಪರೇಷನ್ಸ್ ರಿಸರ್ಚ್’ (ಓ.ಆರ್.) ಎಂಬ ಅಧ್ಯಾಯದೊಳಗೆ ಬರುತ್ತದೆ. ಕಣ್ಣುಮುಚ್ಚಿ ಮಾಡಬಹುದಾದ ಲೆಕ್ಕ, ಅಂಕ ಗ್ಯಾರಂಟಿ ಎಂದು ಎಲ್ಲರಿಗೂ ಇಷ್ಟ. ಎಂ.ಎಸ್ಸಿ. ಮೊದಲ ವರ್ಷದಲ್ಲಿ ಮೇಷ್ಟ್ರೊಬ್ಬರು ಇದೇ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು, ನಾವೆಲ್ಲ ಹುಮ್ಮಸ್ಸಿನಿಂದ ಉತ್ತರ ಕೂಗಿದ ಮೇಲೆ, ‘ಸರಿ, ಆದರೆ ವಾಯವ್ಯ ಮೂಲೆಯಿಂದಲೇ ಯಾಕೆ? ವಾಸ್ತು ಪ್ರಕಾರವಾ?’ ಎಂದರು. ಯಾರಿಗೂ ಗೊತ್ತಿರಲಿಲ್ಲ. ಆ ನಿಯಮ ಖರ್ಚಿನ ಕಡೆ ತಿರುಗಿಯೂ ನೋಡುವುದಿಲ್ಲ, ಬರೀ ಹೊರಡಲು ಒಂದು ಜಾಗ ಕೊಡುತ್ತದೆ, ಅಲ್ಲಿಂದ ಹಂತಹಂತವಾಗಿ ತಿದ್ದಿಕೊಂಡು ಒಳ್ಳೆಯ ಉತ್ತರಕ್ಕೆ ಹೋಗುವುದು ನಮ್ಮ ಕೆಲಸ ಎಂಬುದು ಅವತ್ತು ತಿಳಿಯಿತು. ಮೂರು ವರ್ಷ ಡಿಗ್ರಿಯಲ್ಲಿ ಪ್ರಯಾಣದ ಮೊದಲ ನಿಲ್ದಾಣವನ್ನೇ ಊರು ಅಂದುಕೊಂಡಿದ್ದೆವು.

ಸ್ನಾತಕೋತ್ತರ ಸಂಖ್ಯಾಶಾಸ್ತ್ರದಲ್ಲಿ ಹೊಸದಾಗಿ ಏನು ಕಲಿಸುತ್ತಾರೆ ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ‘ಯಾಕೆ’. ಈ ವಿದ್ಯೆಯ ದೊಡ್ಡ ದೊಡ್ಡ ಸಂಗತಿಗಳಲ್ಲಿ ಕೆಲವು ಹುಟ್ಟಿದ್ದೂ ಇಂಥ ತರಗತಿಗಳಲ್ಲೇ, ಇಪ್ಪತ್ತರ ಆಸುಪಾಸಿನ ಹುಡುಗರ ಕೈಯಲ್ಲಿ.

1939. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯ. ಯೆಜಿ ನೇಮನ್ ಸಂಖ್ಯಾಶಾಸ್ತ್ರದ ಪಾಠ ಮಾಡುತ್ತಿದ್ದಾರೆ. ಜಾರ್ಜ್ ಡಾಂಟ್ಜಿಗ್ ಎಂಬ ವಿದ್ಯಾರ್ಥಿ ತಡವಾಗಿ ಬಂದ. ಬೋರ್ಡಿನ ಮೇಲೆ ಎರಡು ಲೆಕ್ಕ ಇದ್ದವು. ಹೋಮ್‌ವರ್ಕ್ ಇರಬೇಕು ಎಂದು ಬರೆದುಕೊಂಡ. ಮನೆಯಲ್ಲಿ ಕೂತು ಮಾಡಿದಾಗ ಎಂದಿನದಕ್ಕಿಂತ ಸ್ವಲ್ಪ ಕಷ್ಟ ಅನ್ನಿಸಿತು. ಕೆಲವು ದಿನಗಳ ಮೇಲೆ, ತಡವಾಯಿತು ಕ್ಷಮಿಸಿ, ಈಗಲೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದ. ಮೇಜಿನ ಮೇಲೆ ಹಾಕಿ ಹೋಗು ಎಂದರು ನೇಮನ್. ಆ ಮೇಜಿನ ಮೇಲಿದ್ದ ಕಾಗದದ ರಾಶಿ ನೋಡಿ, ತನ್ನ ಹೋಮ್‌ವರ್ಕ್ ಅಲ್ಲೇ ಸಮಾಧಿಯಾಗುತ್ತದೆ ಎಂದು ಹುಡುಗ ಬೇಸರದಿಂದಲೇ ಇಟ್ಟು ಬಂದ. ಸುಮಾರು ಆರು ವಾರದ ನಂತರ, ಒಂದು ಭಾನುವಾರ ಬೆಳಿಗ್ಗೆ, ಮನೆ ಬಾಗಿಲು ಬಡಿದ ಸದ್ದು. ನೇಮನ್, ಕೈಯಲ್ಲಿ ಅದೇ ಹಾಳೆಗಳು. ಬೋರ್ಡಿನ ಮೇಲಿದ್ದವು ಹೋಮ್‌ವರ್ಕ್ ಲೆಕ್ಕಗಳಾಗಿರಲಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಆವರೆಗೆ ಯಾರೂ ಬಿಡಿಸದಿದ್ದ ಎರಡು ಸಮಸ್ಯೆಗಳು ಅವು.

ಈ ಕಥೆಯನ್ನು ಸ್ಫೂರ್ತಿ ಭಾಷಣದವರು ಇಷ್ಟಕ್ಕೇ ನಿಲ್ಲಿಸಿಬಿಡುತ್ತಾರೆ. ಮುಂದಿನ ಭಾಗವೇ ಹೆಚ್ಚು ಸ್ವಾರಸ್ಯ. ಪಿಎಚ್‌.ಡಿ.ಗೆ ಯಾವ ವಿಷಯ ಎಂದು ಡಾಂಟ್ಜಿಗ್ ಚಿಂತಿಸುತ್ತಿದ್ದಾಗ, ಆ ಎರಡೂ ಲೆಕ್ಕವನ್ನು ಒಂದು ಫೈಲಿಗೆ ಹಾಕಿ ಕೊಡು, ಅದೇ ಪ್ರಬಂಧ ಎಂದುಬಿಟ್ಟರು ನೇಮನ್. ನಡುವೆ ಯುದ್ಧ ಬಂತು. ಡಾಂಟ್ಜಿಗ್ ಅಮೆರಿಕದ ವಾಯುಪಡೆಗೆ ಲೆಕ್ಕ ಹಾಕುವ ಕೆಲಸಕ್ಕೆ ಸೇರಿದ. ಎಲ್ಲಿಗೆ ಎಷ್ಟು ವಿಮಾನ, ಎಷ್ಟು ಜನ, ಎಷ್ಟು ಬಿಡಿಭಾಗ, ಯಾವಾಗ? 1947ರಲ್ಲಿ ಅಂಥ ಲೆಕ್ಕಗಳಿಗೆಲ್ಲ ಒಂದೇ ಕೀಲಿಕೈಯಂತಿರುವ ‘ಸಿಂಪ್ಲೆಕ್ಸ್’ ವಿಧಾನವನ್ನು ಕಂಡುಹಿಡಿದ. ನಮ್ಮ ಎರಡು ಗೋದಾಮಿನ ಲೆಕ್ಕ ಇದೇ ಮನೆತನದ ಕಿರಿಯ ಕೂಸು. ಸಂಖ್ಯಾಶಾಸ್ತ್ರದ ಸಮಸ್ಯೆಗಳ ಮೇಲೆ ಪಿಎಚ್‌.ಡಿ. ಮಾಡಿದವನೇ ಆಪರೇಷನ್ಸ್ ರಿಸರ್ಚ್‌ನ ಒಂದು ಮುಖ್ಯ ಕಂಬ ನಿಲ್ಲಿಸಿದ. ಎರಡೂ ವಿಷಯ ಇವತ್ತಿಗೂ ಒಂದೇ ಎಂ.ಎಸ್ಸಿ. ಅಂಕಪಟ್ಟಿಯಲ್ಲಿ ಅಕ್ಕಪಕ್ಕ ಕೂರುವುದಕ್ಕೆ ಇಂಥ ನಂಟುಗಳೇ ಕಾರಣ.

ಡಾಂಟ್ಜಿಗ್‌ನ ಇನ್ನೊಂದು ಪ್ರಸಂಗ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಸಿಂಪ್ಲೆಕ್ಸ್ ವಿಧಾನಕ್ಕೆ ಮೊದಲು ಒಡ್ಡಿದ ದೊಡ್ಡ ಪರೀಕ್ಷೆ ಊಟದ್ದು. 77 ಬಗೆಯ ಆಹಾರ, 9 ಬಗೆಯ ಪೌಷ್ಟಿಕಾಂಶ, ಎಲ್ಲ ಪೌಷ್ಟಿಕಾಂಶವೂ ಸಾಕಷ್ಟು ಸಿಗಬೇಕು, ಖರ್ಚು ಅತಿ ಕಡಿಮೆ ಇರಬೇಕು. ಜಾರ್ಜ್ ಸ್ಟಿಗ್ಲರ್ ಎಂಬ ಅರ್ಥಶಾಸ್ತ್ರಜ್ಞ ಅಂದಾಜಿನ ಮೇಲೆ ವರ್ಷಕ್ಕೆ 39.93 ಡಾಲರ್ ಎಂದಿದ್ದ. ಮೇಜಿನ ಮೇಲಿನ ಕ್ಯಾಲ್ಕುಲೇಟರ್ ಹಿಡಿದ ಗುಮಾಸ್ತರ ಒಂದು ತಂಡಕ್ಕೆ ಹೊಸ ವಿಧಾನದಿಂದ ಅದನ್ನು ಬಿಡಿಸಲು ಒಟ್ಟು 120 ಆಳಿನ ದಿನ ಹಿಡಿಯಿತು. ಬಂದ ಉತ್ತರ 39.69 ಡಾಲರ್. ಸ್ಟಿಗ್ಲರ್‌ನ ಊಹೆ 24 ಸೆಂಟ್ ಮಾತ್ರ ಹೆಚ್ಚಾಗಿತ್ತು. ಕೆಲವು ವರ್ಷಗಳ ಮೇಲೆ ಡಾಂಟ್ಜಿಗ್ ತೂಕ ಇಳಿಸಬೇಕಾಗಿ ಬಂದಾಗ ತನ್ನ ಊಟವನ್ನೂ ಕಂಪ್ಯೂಟರಿಗೆ ಒಪ್ಪಿಸಿದ. ಹೊಟ್ಟೆ ತುಂಬಿದಂತೆಯೂ ಅನ್ನಿಸಬೇಕು, ಕ್ಯಾಲೊರಿಯೂ ಮಿತಿ ಮೀರಬಾರದು. ಕಂಪ್ಯೂಟರ್ ಬರೆದುಕೊಟ್ಟ ಪಥ್ಯದಲ್ಲಿ 500 ಗ್ಯಾಲನ್ ವಿನೆಗರ್ ಇತ್ತು! ವಿನೆಗರ್ ಪಟ್ಟಿಯಿಂದ ತೆಗೆದರೆ, ಮರುದಿನ, ದಿನಕ್ಕೆ 200 ಸೂಪ್ ಕ್ಯೂಬ್ (ಉಪ್ಪು ತುಂಬಿದ ಸೂಪಿನ ಗಟ್ಟಿ) ತಿನ್ನು ಎಂದಿತು. ಅಷ್ಟು ಉಪ್ಪು ತಿನ್ನಬಾರದು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಕೊನೆಗೆ ಹೆಂಡತಿಯೇ ಅಡುಗೆಯ ಜವಾಬ್ದಾರಿ ವಹಿಸಿಕೊಂಡು ಅವನ ತೂಕ ಇಳಿಸಿದರಂತೆ. ಓ.ಆರ್. ಕಲಿಸುವ ಎಲ್ಲ ಮೇಷ್ಟ್ರುಗಳೂ ಮೊದಲ ವಾರ ಈ ಕಥೆ ಹೇಳಬೇಕು. ಸಮೀಕರಣ ಬಿಡಿಸಲು ಯಂತ್ರ ಸಾಕು. ಮನುಷ್ಯ ವಿನೆಗರ್ ಕುಡಿದು ಬದುಕುವುದಿಲ್ಲ ಎಂಬ ಸಾಲನ್ನು ಮಾತ್ರ ನಾವೇ ಬರೆಯಬೇಕು.

ಆ ಎರಡು ‘ಹೋಮ್‌ವರ್ಕ್’ ಲೆಕ್ಕಗಳಲ್ಲಿ ಎರಡನೆಯದಕ್ಕೆ ಇನ್ನೊಂದು ಕೊಂಡಿ ಇದೆ. ಆ ಕೊಂಡಿ ನಮ್ಮ ಪಕ್ಕದ ನೀಲಗಿರಿಯವರೆಗೆ ಬರುತ್ತದೆ. ಅದೇ ಫಲಿತಾಂಶವನ್ನು ಏಬ್ರಹಾಂ ವಾಲ್ಡ್ ಎಂಬ ವಿದ್ವಾಂಸ ಸ್ವತಂತ್ರವಾಗಿ ಸಾಧಿಸಿ ಅಚ್ಚಿಗೆ ಕಳಿಸಿದ್ದ. ಇದು ಡಾಂಟ್ಜಿಗ್‌ನ ಪ್ರಬಂಧದಲ್ಲಿ ಆಗಲೇ ಇದೆ ಎಂದು ಯಾರೋ ಹೇಳಿದರು. ವಾಲ್ಡ್ ತಕರಾರು ತೆಗೆಯಲಿಲ್ಲ. ಕರಡಚ್ಚಿನಲ್ಲೇ ಡಾಂಟ್ಜಿಗ್‌ನ ಹೆಸರನ್ನೂ ಸೇರಿಸಿದ. 1951ರಲ್ಲಿ ಅದು ಇಬ್ಬರ ಹೆಸರಿನಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ವಾಲ್ಡ್ ಬದುಕಿರಲಿಲ್ಲ.

ವಾಲ್ಡ್ ಹೆಸರು ಕೇಳಿಲ್ಲದವರೂ ವಾಟ್ಸ್ಆಪ್‌ನಲ್ಲಿ ಆ ಚಿತ್ರ ನೋಡಿರುತ್ತೀರಿ: ಒಂದು ಯುದ್ಧವಿಮಾನ, ಮೈತುಂಬ ಕೆಂಪು ಚುಕ್ಕೆ. ಹಿಂತಿರುಗಿ ಬಂದ ವಿಮಾನಗಳಿಗೆ ಎಲ್ಲೆಲ್ಲಿ ಗುಂಡು ತಗುಲಿದೆಯೋ ಅಲ್ಲಿ ಉಕ್ಕಿನ ಹೊದಿಕೆ ಹಾಕೋಣ ಎಂದು ಅಂದುಕೊಳ್ಳುವುದು ಸಹಜ. ಗುಂಡು ಕಾಣದ ಜಾಗವೇ ಅಪಾಯದ್ದು, ಅಲ್ಲಿ ಪೆಟ್ಟು ತಿಂದ ವಿಮಾನಗಳು ಹಿಂತಿರುಗಿಯೇ ಇಲ್ಲ ಎಂಬ ದಿಕ್ಕಿನ ಯೋಚನೆ ವಾಲ್ಡ್‌ದು. (ಆ ಚಿತ್ರ ಅವನು ಬರೆದದ್ದಲ್ಲ, ಎಷ್ಟೋ ಕಾಲದ ಮೇಲೆ ಯಾರೋ ಮಾಡಿದ್ದು. ಅವನು ಬರೆದದ್ದು ಪುಟಗಟ್ಟಲೆ ಸೂತ್ರ.) ಯುರೋಪಿನಿಂದ ತಪ್ಪಿಸಿಕೊಂಡು 1938ರಲ್ಲಿ ಅಮೆರಿಕ ಸೇರಿದ್ದ ಯಹೂದಿ ಅವನು. 1950ರ ಕೊನೆಯಲ್ಲಿ ಉಪನ್ಯಾಸ ಪ್ರವಾಸಕ್ಕೆಂದು ಭಾರತಕ್ಕೆ ಬಂದಿದ್ದ. ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ ಹೋಗಿದ್ದ. ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆಯುವ ವಿಜ್ಞಾನ ಕಾಂಗ್ರೆಸ್‌ಗೆ ಬರುವುದಿತ್ತು. ಡಿಸೆಂಬರ್ 13ರಂದು ದಕ್ಷಿಣಕ್ಕೆ ಹೊರಟಿದ್ದ ವಿಮಾನ ನೀಲಗಿರಿಯ ಬೆಟ್ಟಕ್ಕೆ ಬಡಿಯಿತು. ಹೆಂಡತಿಯೂ ಜೊತೆಗಿದ್ದರು. ಅವನಿಗೆ 48 ವರ್ಷ. ಬೆಂಗಳೂರಿನಲ್ಲಿ ಅವನು ಏನು ಮಾತಾಡುತ್ತಿದ್ದನೋ.

ಕಲ್ಕತ್ತೆಯ ಆ ಸಂಸ್ಥೆಗೆ ನಮ್ಮವರನ್ನು ಜೋಡಿಸುವ ಹೆಸರೊಂದಿದೆ. 1920ರ ಸೆಪ್ಟೆಂಬರ್ 10ರಂದು ಹೂವಿನಹಡಗಲಿಯಲ್ಲಿ, ತೆಲುಗು ಮನೆಮಾತಿನ ಪೊಲೀಸ್ ಅಧಿಕಾರಿಯೊಬ್ಬರ ಮನೆಯಲ್ಲಿ ಎಂಟನೆಯ ಮಗು ಹುಟ್ಟಿತು. ದೇವಕಿಯ ಎಂಟನೆಯ ಮಗನಂತೆ ಎಂದು ರಾಧಾಕೃಷ್ಣ ಎಂದು ಹೆಸರಿಟ್ಟರು. ಸಿ.ಆರ್. ರಾವ್. ಮಲ್ಲಿಗೆಗೆ ಹೆಸರಾದ ಹಡಗಲಿ ಈ ಮಗನನ್ನು ತನ್ನವನೆಂದು ಹೇಳಿಕೊಳ್ಳುವುದು ಕಡಿಮೆ. ಕುಟುಂಬ ಬೇಗ ಆಂಧ್ರಕ್ಕೆ ಹೋಯಿತು, ಓದಿದ್ದೂ ಅಲ್ಲೇ. ಗಣಿತದ ಎಂ.ಎ. ಮುಗಿಸಿದ ಹುಡುಗ ಸೈನ್ಯದ ಸರ್ವೆ ಕೆಲಸದ ಸಂದರ್ಶನಕ್ಕೆಂದು ಕಲ್ಕತ್ತೆಗೆ ಹೋದ. ಆ ಕೆಲಸ ಸಿಗಲಿಲ್ಲ. ಇಳಿದುಕೊಂಡಿದ್ದ ಹೋಟೆಲಿನಲ್ಲಿ ಪರಿಚಯವಾದ ದಕ್ಷಿಣದ ಒಬ್ಬರು, ತಾವು ಮಹಾಲನೋಬಿಸ್ ಕಟ್ಟಿದ ಆ ಸಂಸ್ಥೆಯಲ್ಲಿ ತರಬೇತಿ ಪಡೆಯುತ್ತಿದ್ದೇವೆ ಎಂದರು. ಹೋಗಿ ನೋಡಿದ, ಸೇರಿಯೇಬಿಟ್ಟ. 1941ರ ಜನವರಿ. ಅದೇ ವರ್ಷ ಕಲ್ಕತ್ತ ವಿಶ್ವವಿದ್ಯಾಲಯ ಸಂಖ್ಯಾಶಾಸ್ತ್ರದಲ್ಲಿ ಸ್ನಾತಕೋತ್ತರ ತರಗತಿ ತೆರೆಯಿತು. ಎರಡು ವರ್ಷದ ನಂತರ ರಾವ್ ಅಲ್ಲಿ ಚಿನ್ನದ ಪದಕದೊಂದಿಗೆ ತೇರ್ಗಡೆಯಾದರು, ಕೂಡಲೇ ಅಲ್ಲೇ ಪಾಠವನ್ನೂ ಶುರು ಮಾಡಿದರು.

ಪಾಠ ಮಾಡುವವರಿಗೂ ಕೇಳುವವರಿಗೂ ವಯಸ್ಸಿನಲ್ಲಿ ಹೆಚ್ಚು ಅಂತರವಿರಲಿಲ್ಲ. ಒಂದು ದಿನ ಅಂದಾಜಿನ ಸಿದ್ಧಾಂತ ಹೇಳುತ್ತ ರಾವ್, ಮಾದರಿ ಬಹಳ ದೊಡ್ಡದಿದ್ದಾಗ ಅಂದಾಜು ಎಷ್ಟು ನಿಖರವಾಗಬಹುದು ಎಂಬುದರ ಬಗ್ಗೆ ಸಂಖ್ಯಾಶಾಸ್ತ್ರಜ್ಞ ಫಿಷರ್ ಹೇಳಿದ ಫಲಿತಾಂಶವನ್ನು ವಿವರಿಸಿದರು. ವಿದ್ಯಾರ್ಥಿಯೊಬ್ಬ, ಮಾದರಿ ಚಿಕ್ಕದಿದ್ದರೂ ಇದನ್ನು ಹೇಳಬಹುದಾ ಎಂದು ಕೇಳಿದ. ಕೇಳಿದವರು ವಿ.ಎಂ. ದಾಂಡೇಕರ್, ಮುಂದೆ ದೇಶದ ಬಡತನವನ್ನು ಅಳೆದ ಅರ್ಥಶಾಸ್ತ್ರಜ್ಞ. ರಾವ್‌ಗೆ ಉತ್ತರ ಗೊತ್ತಿರಲಿಲ್ಲ. ಆ ರಾತ್ರಿ ಕೂತು ಬಿಡಿಸಿ, ಮರುದಿನ ತರಗತಿಗೆ ತಂದರು. ಕ್ರೇಮರ್–ರಾವ್ ಮಿತಿ ಎಂದು ಇವತ್ತು ಜಗತ್ತಿನ ಎಲ್ಲ ಎಂ.ಎಸ್ಸಿ. ತರಗತಿಗಳಲ್ಲಿ ಕಲಿಸುವುದು ಇದನ್ನೇ. ಅದರ ತಿರುಳನ್ನು ಹೀಗೆ ಹೇಳಬಹುದು: ಎಷ್ಟೇ ನುರಿತ ಚಿನಿವಾರನ ತಕ್ಕಡಿಯಾದರೂ ಒಂದಿಷ್ಟು ಅಲುಗುತ್ತದೆ. ಯಾವ ಕಡೆಗೂ ವಾಲದ ಪ್ರಾಮಾಣಿಕ ತಕ್ಕಡಿಯಾದರೆ, ಆ ಅಲುಗಾಟ ಇಷ್ಟಕ್ಕಿಂತ ಕಡಿಮೆಯಾಗುವುದು ಸಾಧ್ಯವೇ ಇಲ್ಲ ಎಂದು ಮೊದಲೇ ಲೆಕ್ಕ ಹಾಕಿ ಹೇಳಬಹುದು. 1945ರಲ್ಲಿ ಕಲ್ಕತ್ತ ಮ್ಯಾಥಮ್ಯಾಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಅದು ಅಚ್ಚಾದಾಗ ರಾವ್‌ಗೆ ಇಪ್ಪತ್ತೈದು. ಆ ಲೇಖನಕ್ಕಾಗಿಯೇ 2023ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು. ಸಿಲಬಸ್‌ನಲ್ಲಿ ಇಲ್ಲ ಎಂದು ಅವತ್ತು ಅವರು ದಾಂಡೇಕರ್ ಅವರನ್ನು ಕೂರಿಸಿದ್ದಿದ್ದರೆ? ಹಾಗೆ ಕೂರಿಸಿದ ತರಗತಿಗಳಲ್ಲಿ ನಾನೂ ಕೂತಿದ್ದೇನೆ, ಆದ್ದರಿಂದ ಕೇಳುತ್ತಿದ್ದೇನೆ.

ಸಂಖ್ಯಾಶಾಸ್ತ್ರದ ಈ ಸಂಗತಿ ಹುಟ್ಟಿದ್ದು ತರಗತಿಯಲ್ಲಾದರೆ, ಓ.ಆರ್. ಹುಟ್ಟಿದ್ದು ಯುದ್ಧದ ಮನೆಯಲ್ಲಿ. ಬ್ರಿಟನ್ನಿನ ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಕಟ್ಟಿದ ತಂಡಕ್ಕೆ ‘ಬ್ಲ್ಯಾಕೆಟ್ ಸರ್ಕಸ್’ ಎಂದೇ ಅಡ್ಡಹೆಸರು. ಜರ್ಮನ್ ಜಲಾಂತರ್ಗಾಮಿಗಳಿಂದ ಸರಕು ಹಡಗುಗಳನ್ನು ಉಳಿಸುವುದು ಹೇಗೆ ಎಂಬ ಪ್ರಶ್ನೆಗೆ ಬ್ಲ್ಯಾಕೆಟ್ ಕೊಟ್ಟ ಸಲಹೆ, ಹಡಗಿನ ಗುಂಪುಗಳನ್ನು ದೊಡ್ಡದು ಮಾಡಿ. ನಮ್ಮ ಕುರಿಗಾಹಿಗೆ ಇದು ಬೇಗ ಅರ್ಥವಾಗುತ್ತದೆ. ಮಂದೆ ನಾಲ್ಕು ಪಟ್ಟಾದರೆ ಅದರ ಸುತ್ತಳತೆ ಎರಡು ಪಟ್ಟು ಮಾತ್ರ ಆಗುತ್ತದೆ, ಅಷ್ಟೇ ನಾಯಿಗಳಿಂದ ಹೆಚ್ಚು ಕುರಿ ಕಾಯಬಹುದು. ಸ್ವಾತಂತ್ರ್ಯದ ಹೊತ್ತಿಗೆ ಇದೇ ಬ್ಲ್ಯಾಕೆಟ್ ನೆಹರೂ ಸರ್ಕಾರಕ್ಕೆ ರಕ್ಷಣಾ ಸಲಹೆ ಕೊಡಲು ಭಾರತಕ್ಕೆ ಬಂದರು.

ಇವತ್ತಿನ ಮಾತು. ಬೆಂಗಳೂರಿನ ಜ್ಞಾನಭಾರತಿ, ಮೈಸೂರಿನ ಮಾನಸಗಂಗೋತ್ರಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮೂರರಲ್ಲೂ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಇದೆ. ಕೃಷಿ ಸಂಖ್ಯಾಶಾಸ್ತ್ರಕ್ಕೆ ಜಿಕೆವಿಕೆ. ಐಐಟಿಗಳಿಗೆ ಹೋಗುವವರು ‘ಜ್ಯಾಮ್’ ಪರೀಕ್ಷೆಯಲ್ಲಿ ಮ್ಯಾಥಮ್ಯಾಟಿಕಲ್ ಸ್ಟ್ಯಾಟಿಸ್ಟಿಕ್ಸ್ ಪತ್ರಿಕೆ ಬರೆಯಬೇಕು. ಕಲ್ಕತ್ತೆಯ ಸಂಸ್ಥೆ 1959ರ ಕಾಯ್ದೆಯಿಂದ ತಾನೇ ಪದವಿ ಕೊಡುವ ಅಧಿಕಾರ ಪಡೆಯಿತು. ಅಲ್ಲಿಯ ಎಂ.ಸ್ಟ್ಯಾಟ್.ಗೂ, ಗುಣಮಟ್ಟ–ವಿಶ್ವಾಸಾರ್ಹತೆ–ಆಪರೇಷನ್ಸ್ ರಿಸರ್ಚ್ ಮೂರನ್ನೂ ಸೇರಿಸಿದ ಎಂ.ಟೆಕ್.ಗೂ ಅವರದೇ ಪ್ರವೇಶ ಪರೀಕ್ಷೆ. ಅದೇ ಸಂಸ್ಥೆಯ ಬೆಂಗಳೂರು ಕೇಂದ್ರ ಮೈಸೂರು ರಸ್ತೆಯಲ್ಲಿದೆ. ದಿನಾ ಅದರ ಮುಂದೆ ಬಸ್ಸಿನಲ್ಲಿ ಹೋಗುವವರಲ್ಲೂ ಅದೇನೆಂದು ಗೊತ್ತಿರುವವರು ವಿರಳ. ದೆಹಲಿ ವಿಶ್ವವಿದ್ಯಾಲಯದಲ್ಲಿ ಓ.ಆರ್.ಗೇ ಪ್ರತ್ಯೇಕ ವಿಭಾಗವಿದೆ. ಸರ್ಕಾರಿ ಕೆಲಸ ಬೇಕೆನ್ನುವವರಿಗೆ ಯುಪಿಎಸ್‌ಸಿಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವಿಸ್. ಔಷಧ ಪ್ರಯೋಗಗಳ ಲೆಕ್ಕ, ವಿಮೆ, ಬ್ಯಾಂಕಿನ ಸಾಲದ ಅಪಾಯ, ವಿಮಾನ ಸಿಬ್ಬಂದಿಯ ಪಾಳಿ, ಕೆಲಸಕ್ಕೆ ಬರವಿಲ್ಲ. ‘ಆರು ತಿಂಗಳಲ್ಲಿ ಡೇಟಾ ಸೈಂಟಿಸ್ಟ್’ ಎಂಬ ಫಲಕಗಳೂ ರಸ್ತೆ ರಸ್ತೆಯಲ್ಲಿವೆ. ಆರು ತಿಂಗಳಲ್ಲಿ ಪ್ರೋಗ್ರಾಮ್ ಬರೆಯಲು ಖಂಡಿತ ಕಲಿಯಬಹುದು. ಹಿಂತಿರುಗಿ ಬಾರದ ವಿಮಾನಗಳ ಬಗ್ಗೆ ಯೋಚಿಸಲು ಕಲಿಯುವುದಕ್ಕೆ ಅಷ್ಟು ಸಾಲದು.

ಸೇರಿದವರಿಗೆ ಮೊದಲ ಸೆಮಿಸ್ಟರ್‌ನಲ್ಲೇ ಪೆಟ್ಟು ಬೀಳುತ್ತದೆ. ಸರಾಸರಿ, ಮಧ್ಯಾಂಕ, ಪೈ ಚಾರ್ಟ್ ಎಂದು ನೂರಕ್ಕೆ ತೊಂಬತ್ತು ತೆಗೆದು ಬಂದವರ ಮುಂದೆ ಮೆಷರ್ ಥಿಯರಿ ಬಂದು ನಿಲ್ಲುತ್ತದೆ. ಸಂಭವನೀಯತೆ ಎಂದರೇನು ಎಂಬುದನ್ನೇ ಹೊಸದಾಗಿ, ಎಪ್ಸಿಲಾನ್ ಹಿಡಿದು ಕಲಿಯಬೇಕು. ನಮ್ಮ ಬ್ಯಾಚಿನಲ್ಲಿ ಆ ಪತ್ರಿಕೆಯಲ್ಲಿ ಅರ್ಧಕ್ಕರ್ಧ ಮಂದಿ ಫೇಲಾದರು. ಪ್ರಾಕ್ಟಿಕಲ್‌ಗೆ ಮಾತ್ರ ಫ್ಯಾಸಿಟ್ ಯಂತ್ರದ ಹಳೆಯ ಸಂಭ್ರಮ ಇತ್ತು. ಕೈಯಲ್ಲಿ ಹಿಡಿ ತಿರುಗಿಸುವ ಕಬ್ಬಿಣದ ಕ್ಯಾಲ್ಕುಲೇಟರ್ ಅದು. ಸ್ವಿಚ್ ಒತ್ತುವ ಕ್ಯಾಲ್ಕುಲೇಟರ್ ಬಂದು ಎಷ್ಟೋ ವರ್ಷವಾಗಿದ್ದರೂ ಲ್ಯಾಬಿನ ಅಟೆಂಡರ್ ಅದಕ್ಕೆ ಎಣ್ಣೆ ಬಿಡುವುದನ್ನು ನಿಲ್ಲಿಸಿರಲಿಲ್ಲ. ಒಂದು ನಾಲ್ಕು–ನಾಲ್ಕರ ಮ್ಯಾಟ್ರಿಕ್ಸಿನ ವಿಲೋಮ ತೆಗೆಯಲು ಮಧ್ಯಾಹ್ನವಿಡೀ ಗರಗರ. ಈಗ ‘ಆರ್’ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಸಾಲು ಬರೆದರೆ ಮುಗಿಯಿತು. ಆ ಗರಗರ ವಾಪಸ್ ಬರಲಿ ಎಂದು ನಾನು ಹೇಳುವುದಿಲ್ಲ. ಬೆರಳು ಮಾತ್ರ ಇನ್ನೂ ನೆನಪಿಟ್ಟಿದೆ.

ಕಳೆದ ಸುಗ್ಗಿಯಲ್ಲಿ ಎಂ.ಎಸ್ಸಿ. ಎರಡನೇ ವರ್ಷದ ಹುಡುಗಿಯೊಬ್ಬಳ ಪ್ರಾಜೆಕ್ಟ್ ನೋಡಲು ತುಮಕೂರು ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ವಿಷಯ: ಬೆಳೆ ಕಟಾವು ಪ್ರಯೋಗ. ಬೆಳೆ ವಿಮೆಯ ಪರಿಹಾರ ನಿರ್ಧಾರವಾಗುವುದು ಇದರ ಮೇಲೆ. ಪಂಚಾಯಿತಿಗೆ ಮುಖ್ಯ ಬೆಳೆಯೊಂದರ ಕನಿಷ್ಠ ನಾಲ್ಕು ಹೊಲ ಆರಿಸಿ, ಪ್ರತಿ ಹೊಲದಲ್ಲೂ ಅಳತೆಯ ಒಂದು ತುಂಡು ಕೊಯ್ದು ತೂಗುತ್ತಾರೆ. ನಾಲ್ಕರ ಸರಾಸರಿಯ ಅಲುಗಾಟ ಒಂದೇ ಹೊಲದ ಅಲುಗಾಟದ ಅರ್ಧ. ಅದನ್ನು ಇನ್ನೂ ಅರ್ಧಕ್ಕೆ ಇಳಿಸಬೇಕೆಂದರೆ ಎಂಟು ಸಾಲದು, ಹದಿನಾರು ಹೊಲ ಬೇಕು. ಅಷ್ಟು ಸಿಬ್ಬಂದಿ ಎಲ್ಲಿದ್ದಾರೆ? ಕೊಯ್ಲು ಎಲ್ಲ ಕಡೆ ಒಂದೇ ವಾರ ಬರುತ್ತದೆ, ಗ್ರಾಮ ಆಡಳಿತ ಅಧಿಕಾರಿ ಒಬ್ಬರೇ. ಯಾವ ಹೋಬಳಿಗೆ ಎಷ್ಟು ಹೊಲ, ಯಾರು ಯಾವಾಗ ಎಲ್ಲಿಗೆ ಹೋಗಬೇಕು ಎಂಬುದು ಅವಳ ಪ್ರಾಜೆಕ್ಟಿನ ಓ.ಆರ್. ಭಾಗ. ತೂಕದಿಂದ ಇಳುವರಿ ಅಂದಾಜು ಮಾಡುವುದು ಸಂಖ್ಯಾಶಾಸ್ತ್ರದ ಭಾಗ.

ಹುಡುಗಿಯೂ ಅಧಿಕಾರಿಯೂ ಹೊಲದ ನೈಋತ್ಯ ಮೂಲೆಗೆ ಹೋಗಿ ನಿಂತರು. ಅಳತೆ ಶುರುವಾಗುವುದು ಅಲ್ಲಿಂದ. ಒಂದು ಯಾದೃಚ್ಛಿಕ ಸಂಖ್ಯೆ ಹೇಳಿದಷ್ಟು ಹೆಜ್ಜೆ ಉದ್ದಕ್ಕೆ, ಇನ್ನೊಂದು ಹೇಳಿದಷ್ಟು ಅಡ್ಡಕ್ಕೆ ಹೋಗಿ ಗೂಟ ಹೊಡೆದು ಹಗ್ಗ ಕಟ್ಟಬೇಕು. ರಾಗಿ ಒಂದು ಕಡೆ ಸೊರಗಿತ್ತು, ಇನ್ನೊಂದು ಕಡೆ ಚೆನ್ನಾಗಿತ್ತು. ಗೂಟ ಬಿದ್ದದ್ದು ಚೆನ್ನಾಗಿದ್ದ ಕಡೆ.

‘ಅಲ್ಲಾ ತಾಯಿ, ಆ ಕಡೆ ಒಣಗೋಗೈತೆ, ಅದು ಕಾಣಾಕಿಲ್ವಾ ನಿಮ್ಗೆ?’ ಎಂದ ಹೊಲದ ಯಜಮಾನ. ‘ಈ ಜಾಗಾನೇ ಯಾರು ಆರ್ಸಿದ್ದು?’

‘ಯಾರೂ ಆರಿಸಿಲ್ಲ ಅಜ್ಜ. ನಂಬರು ಹಾಗೆ ಬಂತು.’

‘ಯಾರೂ ಆರ್ಸಿಲ್ಲ ಅಂದ್ರೆ ಯಾರನ್ನ ಬಯ್ಯಲಿ?’

ಅವಳಿಗೆ ನಗು ಬಂತು, ತಡೆದುಕೊಂಡಳು. ಹಗ್ಗ ಎಳೆದರು. ಹಗ್ಗ ಎಳೆದಾಗಲೇ ಹಳೆಯ ಜಗಳ ಎದುರಾಗುವುದು. ಮಹಾಲನೋಬಿಸ್ ಚಿಕ್ಕ ಚಿಕ್ಕ ತುಂಡು ಸಾಕು, ಹೆಚ್ಚು ಜಾಗದಲ್ಲಿ ಕೊಯ್ಯೋಣ ಎನ್ನುತ್ತಿದ್ದರು. ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಒಪ್ಪಲಿಲ್ಲ. ತುಂಡು ಚಿಕ್ಕದಾದಷ್ಟೂ ಅಂಚಿನ ಪಾಲು ಹೆಚ್ಚು, ಅಂಚಿನಲ್ಲಿರುವ ಪೈರನ್ನು ಮನುಷ್ಯರ ಕೈ ತಾನಾಗಿಯೇ ಒಳಗೆ ಎಳೆದುಕೊಳ್ಳುತ್ತದೆ, ಇಳುವರಿ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ ಎಂದರು. ಇಲ್ಲಿ ಸರಿಯಾಗಿ ಹಗ್ಗದ ಕೆಳಗೇ ಒಂದು ದಪ್ಪ ಬುಡ ಇತ್ತು, ತುಂಬಿದ ತೆನೆ ಒಳಗೆ ಬಾಗಿತ್ತು. ಅಧಿಕಾರಿ ಗಡಿಯಾರ ನೋಡಿಕೊಂಡು, ತೆನೆ ಒಳಗಿದೆ, ಕೊಯ್ದುಬಿಡಿ ಎಂದರು. ಅಜ್ಜ, ಅದು ಹೊರಗಿಂದು ಎಂದ. ಇಳುವರಿ ಕಡಿಮೆ ಬಂದಷ್ಟೂ ಅವನಿಗೆ ಲಾಭ, ಅದು ಅವನಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ನಿಯಮ ತೆನೆಯದಲ್ಲ, ಬುಡದ್ದು: ಅರ್ಧಕ್ಕಿಂತ ಹೆಚ್ಚು ಒಳಗಿದ್ದರೆ ಒಳಗೆ. ಹುಡುಗಿ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ಮಣ್ಣಿನಲ್ಲಿ ಮಂಡಿಯೂರಿ, ಹಗ್ಗವನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಿಂದ ಬುಡದ ಮಣ್ಣನ್ನು ಮೆಲ್ಲಗೆ ಬಿಡಿಸತೊಡಗಿದಳು. ಅಜ್ಜನೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.